46 ಕೃತಿ, ಒಂದು ಸಮವಸ್ತ್ರ

ಪ್ರಶ್ನೆ: ಹದಿನಾರು ವರ್ಷಗಳಿಂದ ಮಿಶ್ರ ಮಾಧ್ಯಮದಲ್ಲಿ ಕೆಲಸ ಮಾಡುತ್ತಿದ್ದೇನೆ. ಬಣ್ಣ, ಬಟ್ಟೆ, ಕಾಗದ, ಮೇಣ, ತಂತಿ, ಕೈಗೆ ಸಿಕ್ಕಿದ್ದೆಲ್ಲ ಬಳಸುತ್ತೇನೆ. ಇನ್ನು ಐದು ತಿಂಗಳಲ್ಲಿ ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ. ವಿಷಯ, 'ನಾನು ಯಾರು, ಇಲ್ಲಿಯವರೆಗೆ ಹೇಗೆ ಬಂದೆ' ಅನ್ನುವುದು. ಒಟ್ಟು 46 ಕೃತಿಗಳಿವೆ. ನನ್ನ ಶಾಲೆಯ ಸಮವಸ್ತ್ರ, ಅಪ್ಪನ ಪತ್ರಗಳು, ನನ್ನ ಎಕ್ಸ್‌ರೇ, ಆಸ್ಪತ್ರೆಯ ರಸೀದಿಗಳು, ಮುರಿದುಹೋದ ಮದುವೆಯ ಫೋಟೊಗಳು ಎಲ್ಲ ಅವುಗಳಲ್ಲಿ ಸೇರಿವೆ. ವರ್ಷದ ಕ್ರಮದಲ್ಲೇ ತೂಗುಹಾಕಬೇಕೇ? ಸ್ವಂತ ವಿಷಯ ಎಷ್ಟು ಹೇಳಬೇಕು? ಹಳೆಯವು ಹಳದಿಯಾಗಿವೆ, ರಿಪೇರಿ ಮಾಡಿಸಲೇ? ಒಂದು ಕೃತಿ ಅರ್ಧಕ್ಕೇ ನಿಂತಿದೆ, ಇಡಬಹುದೇ? ಎಲ್ಲಕ್ಕಿಂತ ದೊಡ್ಡ ಅನುಮಾನ: ನನ್ನ ಬದುಕಿನ ಕತೆ ಬೇರೆಯವರಿಗೆ ಯಾಕೆ ಬೇಕು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಬದುಕಿನ ಕತೆ ಬೇರೆಯವರಿಗೆ ಬೇಕಿಲ್ಲ. ಒರಟಾಗಿ ಹೇಳಿದೆ ಅನ್ನಿಸಬಹುದು, ಆದರೆ ಇದು ಗೊತ್ತಿದ್ದರೆ ಮುಂದಿನ ಐದು ತಿಂಗಳು ಹಗುರಾಗುತ್ತದೆ. ಬಾಗಿಲು ದಾಟಿ ಒಳಗೆ ಬರುವವರಿಗೆ ನಿಮ್ಮ ಪರಿಚಯವೇ ಇರುವುದಿಲ್ಲ. ಅವರು ನಿಲ್ಲುವುದು ಅಂಗಿಯ ಒಂದು ಗುಂಡಿಯ ಮುಂದೆ, ಒಂದು ಸುಟ್ಟ ಅಂಚಿನ ಮುಂದೆ. ಆ ಗುಂಡಿಗೆ ನೀವು ಏನು ಮಾಡಿದ್ದೀರಿ ಅನ್ನುವುದೇ ಅವರಿಗೆ ಮುಖ್ಯ.

ಎರಡು ಹಾಸಿಗೆಗಳ ವಿಷಯ ಹೇಳುತ್ತೇನೆ. 1955ರಲ್ಲಿ ಅಮೆರಿಕದ ಕಲಾವಿದ ರಾಬರ್ಟ್ ರೌಷೆನ್‌ಬರ್ಗ್ ಒಂದು ದಿಂಬು, ಒಂದು ಬೆಡ್‌ಶೀಟ್, ಒಂದು ಹಳೇ ಕೌದಿ ತೆಗೆದುಕೊಂಡು ಮರದ ಚೌಕಟ್ಟಿನ ಮೇಲೆ ಹಾಸಿದರು. ದಿಂಬಿನ ಮೇಲೆ ಪೆನ್ಸಿಲಿನಲ್ಲಿ ಗೀಚಿದರು. ಮೇಲೆ ಬಣ್ಣ ಸುರಿದರು. ಆಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ತೂಗುಹಾಕಿದರು. ಹೆಸರು 'ಬೆಡ್'. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಬ್ರಿಟನ್ನಿನ ಕಲಾವಿದೆ ಟ್ರೇಸಿ ಎಮಿನ್ 1998ರಲ್ಲಿ 'ಮೈ ಬೆಡ್' ಮಾಡಿದರು. ಮುದುಡಿದ ಬೆಡ್‌ಶೀಟ್, ಖಾಲಿ ಬಾಟಲಿ, ಸಿಗರೇಟಿನ ತುಂಡು, ಎಲ್ಲ ಇದ್ದ ಹಾಗೇ ನೆಲದ ಮೇಲೆ. ಎರಡೂ ಅವರವರ ಹಾಸಿಗೆಗಳೇ ಅನ್ನುತ್ತಾರೆ. ಎರಡೂ ತೀರಾ ಸ್ವಂತದ್ದೇ. ಆದರೆ ಒಬ್ಬರು ಅದನ್ನು ಚಿತ್ರದ ಹಾಗೆ ಎತ್ತಿ ನಿಲ್ಲಿಸಿದರು, ಇನ್ನೊಬ್ಬರು ಮುಟ್ಟದೇ ಬಿಟ್ಟರು. ನೋಡುವವರಿಗೆ ಸಿಗುವುದು ಆ ತೀರ್ಮಾನ. ಯಾರ ಜೊತೆ ಜಗಳ ಆಗಿತ್ತು, ಯಾಕೆ ಅತ್ತರು ಅನ್ನುವುದೆಲ್ಲ ಆಮೇಲಿನ ಮಾತು. (ಹಾಸಿಗೆ ಅಂದ ಕೂಡಲೇ ಇನ್ನೊಂದು ನೆನಪಾಯಿತು. ಚಿತ್ರಕಲಾವಿದೆ ಫ್ರೀಡಾ ಕಾಲೊ ಬದುಕಿದ್ದಾಗ ಮೆಕ್ಸಿಕೊದಲ್ಲಿ ಅವರದೊಂದು ಏಕವ್ಯಕ್ತಿ ಪ್ರದರ್ಶನ ನಡೆದದ್ದು 1953ರಲ್ಲಿ. ಏಳಲು ಆಗುತ್ತಿರಲಿಲ್ಲ. ಮಂಚವನ್ನೇ ಗ್ಯಾಲರಿಗೆ ಸಾಗಿಸಿ, ಅದರ ಮೇಲೆ ಮಲಗಿಕೊಂಡೇ ಜನರನ್ನು ಮಾತಾಡಿಸಿದರು. ಉದ್ಘಾಟನೆಯ ದಿನ ಭಯ ಆದಾಗ ಇದನ್ನು ನೆನಪಿಸಿಕೊಳ್ಳಿ.)

ಈಗ ಕ್ರಮದ ವಿಷಯ. ವರ್ಷದ ಕ್ರಮದಲ್ಲಿ ಹಾಕಬೇಡಿ. ಹಾಗೆ ಹಾಕಿದರೆ ಮೊದಲ ಗೋಡೆ ತುಂಬ ನಿಮ್ಮ ಕೈ ಇನ್ನೂ ಪಳಗಿರದ ಕಾಲದ ಕೃತಿಗಳೇ ಬರುತ್ತವೆ. ಜನ ಅಲ್ಲೇ ಸುಸ್ತಾಗುತ್ತಾರೆ. ಬೆಳವಣಿಗೆ ತೋರಿಸಬೇಕು ಅಂದರೆ ಬೇರೆ ದಾರಿ ಇದೆ. ನೀವು ಕಳಿಸಿದ ಫೋಟೊಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಾಗ ಅದು ಕಣ್ಣಿಗೆ ಬಿತ್ತು.

46ರಲ್ಲಿ ಏಳು ಕೃತಿಗಳಲ್ಲಿ ಸಮವಸ್ತ್ರ ಬರುತ್ತದೆ. ಅತಿ ಹಳೆಯದರಲ್ಲಿ ಇಡೀ ಅಂಗಿಯನ್ನು ಹಲಗೆಗೆ ಅಂಟಿಸಿ ಮೇಲೆ ದಪ್ಪಗೆ ನೀಲಿ ಬಳಿದಿದ್ದೀರಿ. ಅಂಗಿ ಇದೆ ಅನ್ನುವುದು ಗೊತ್ತಾಗುವುದೇ ಜೇಬಿನ ಉಬ್ಬಿನಿಂದ. ಐದಾರು ವರ್ಷ ಕಳೆದ ಮೇಲೆ ಕತ್ತರಿ ಬಂದಿದೆ. ಕಾಲರ್ ಒಂದು ಕಡೆ, ತೋಳು ಒಂದು ಕಡೆ. ಕತ್ತರಿಸಿದ ಅಂಚು ಓರೆಕೋರೆ, ಸಿಟ್ಟಿನಲ್ಲಿ ಕತ್ತರಿಸಿದ ಹಾಗಿದೆ. ಮೂರು ವರ್ಷದ ಹಿಂದಿನ ಕೃತಿಯಲ್ಲಿ ಕತ್ತರಿಯೇ ಇಲ್ಲ. ಹೊಲಿಗೆ ಬಿಚ್ಚಿದ್ದೀರಿ. ಒಂದೊಂದೇ ಹೊಲಿಗೆ. ಬಿಚ್ಚಿದ ದಾರವನ್ನು ತಂತಿಗೆ ಸುತ್ತಿದ್ದೀರಿ. ಬಟ್ಟೆಯ ಮೇಲೆ ಸೂಜಿಯ ತೂತುಗಳ ಸಾಲು ಹಾಗೇ ಉಳಿದಿದೆ.

ಮುಚ್ಚಿದಿರಿ, ಕತ್ತರಿಸಿದಿರಿ, ಬಿಚ್ಚಿದಿರಿ. ನೀವು ಹೇಗೆ ಬೆಳೆದಿರಿ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಪುರಾವೆ ನಿಮ್ಮ ಬಳಿ ಇಲ್ಲ. ಒಂದೇ ವಸ್ತು, ಆದರೆ ಹದಿನಾರು ವರ್ಷದಲ್ಲಿ ಅದನ್ನು ಮುಟ್ಟುವ ರೀತಿ ಬದಲಾಗಿದೆ. ಪ್ರದರ್ಶನದ ಬೆನ್ನುಮೂಳೆ ಇದೇ ಆಗಲಿ. ಮಿಕ್ಕಿದ್ದೆಲ್ಲ ಇದರ ಸುತ್ತ ಬರಲಿ.

ಶಿಲ್ಪಿ ಲೂಯಿಸ್ ಬೂರ್ಜ್ವಾ ಕೂಡ ತಮ್ಮ ಹಳೇ ಬಟ್ಟೆಗಳನ್ನು ದಶಕಗಟ್ಟಲೆ ಎತ್ತಿಟ್ಟುಕೊಂಡಿದ್ದರು. ಅವು ಕೃತಿಗಳಾಗಿ ಹೊರಬಂದದ್ದು 1990ರ ದಶಕದಲ್ಲಿ, ಅವರಿಗೆ ಎಂಬತ್ತು ದಾಟಿದ ಮೇಲೆ. 1996ರ ಒಂದು ಕೃತಿಯಲ್ಲಿ ಒಳಉಡುಪುಗಳನ್ನು ಹ್ಯಾಂಗರಿನ ಬದಲು ಮೂಳೆಗಳಿಗೆ ತೂಗುಹಾಕಿದ್ದಾರೆ. ಬಟ್ಟೆ ಯಾವ ವರ್ಷದ್ದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ತೆಳ್ಳಗಿನ ಬಟ್ಟೆ, ದಪ್ಪ ಮೂಳೆ, ಅಷ್ಟೇ ಸಾಕು.

ಏಳನ್ನೂ ಒಂದೇ ಕಡೆ ಸಾಲಾಗಿ ಹಾಕಬೇಡಿ. ಅಂಗಡಿಯ ಹಾಗೆ ಕಾಣುತ್ತದೆ. ಒಳಗೆ ಬರುತ್ತಿದ್ದ ಹಾಗೆ ಬಿಚ್ಚಿದ ದಾರದ್ದು ಸಿಗಲಿ. ನೀಲಿ ಅಂಗಿ ಮಧ್ಯದಲ್ಲೆಲ್ಲೋ, ತಿರುವಿನಲ್ಲಿ ಸಿಗಲಿ. ಆಗ ನೋಡುವವರೇ ಹಿಂದೆ ತಿರುಗಿ, 'ಅರೆ, ಆ ಅಂಗಿ ಇದೇ ಅಲ್ವಾ' ಅಂತ ಮತ್ತೆ ಮೊದಲನೆಯದರ ಹತ್ತಿರ ಹೋಗುತ್ತಾರೆ. ಹಾಗೆ ಜನ ಹಿಂದಕ್ಕೆ ನಡೆದರೆ ನಿಮ್ಮ ಜೋಡಣೆ ಕೆಲಸ ಮಾಡಿದೆ ಅಂತ ಅರ್ಥ.

ಮುಂದಿನದು ಎಣಿಕೆ. 46 ಜಾಸ್ತಿಯಾಯಿತು. ನೀವು ಕಳಿಸಿದ ನಕ್ಷೆಯಲ್ಲಿ ಬಾಗಿಲು, ಕಿಟಕಿ ಬಿಟ್ಟರೆ ಬಳಸಲು ಸಿಗುವ ಗೋಡೆ ಸುಮಾರು 26 ಮೀಟರ್. ನಿಮ್ಮ ದೊಡ್ಡ ಕೃತಿಗಳು ಹೆಚ್ಚುಕಡಿಮೆ ಒಂದೊಂದು ಮೀಟರ್ ಅಗಲ. ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ ಬೇಕು. 12 ಕೃತಿಗೆ 24 ಮೀಟರ್ ಹೋಯಿತು. ಉಳಿದ 2 ಮೀಟರ್‌ನಲ್ಲಿ ಅಂಗೈ ಅಗಲದ ಆರನ್ನು ಗುಂಪಾಗಿ ಹಾಕಬಹುದು. ಒಟ್ಟು 18. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಲೆಕ್ಕ ಹಾಕಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸರಾಸರಿ ಬಂದದ್ದು 27 ಸೆಕೆಂಡ್. ಅರ್ಧದಷ್ಟು ಸಲ 17 ಸೆಕೆಂಡ್ ಕೂಡ ನಿಂತಿರಲಿಲ್ಲ. ಅದೂ ಜಗತ್ಪ್ರಸಿದ್ಧ ಚಿತ್ರಗಳ ಮುಂದೆ! ಹಾಗಿರುವಾಗ 46 ಕೃತಿಗಳ ಮುಂದೆ ಯಾರು ನಿಲ್ಲುತ್ತಾರೆ ಹೇಳಿ.

ಯಾವುದನ್ನು ಬಿಡಬೇಕು ಅಂತ ತಲೆಯಲ್ಲೇ ಯೋಚಿಸಬೇಡಿ, ಹೊಟ್ಟೆ ಉರಿಯುತ್ತದೆ. ದಪ್ಪ ರಟ್ಟಿನಲ್ಲಿ ಪ್ರದರ್ಶನದ ಹಾಲ್‌ನ ಪುಟ್ಟ ಮಾದರಿ ಮಾಡಿ. ಒಂದು ಮೀಟರಿಗೆ 5 ಸೆಂಟಿಮೀಟರ್ ಅಳತೆ ಸಾಕು. ಕೃತಿಗಳ ಫೋಟೊಗಳನ್ನು ಅದೇ ಅಳತೆಗೆ ಪ್ರಿಂಟ್ ತೆಗೆದು ಕತ್ತರಿಸಿ ಅಂಟಿಸಿ ನೋಡಿ. ಒಂದು ವಾರ ಹಾಗೇ ಬಿಡಿ. ಬರುತ್ತಾ ಹೋಗುತ್ತಾ ಒಂದೊಂದನ್ನು ತೆಗೆಯಿರಿ. ತೆಗೆದದ್ದು ನಿಮಗೆ ಗೊತ್ತೇ ಆಗದಿದ್ದರೆ ಅದು ಬೇಕಿರಲಿಲ್ಲ.

ಸ್ವಂತ ವಿಷಯ ಎಷ್ಟು ಹೇಳಬೇಕು ಅಂದಿರಿ. ನಿಮ್ಮದು ಎಷ್ಟು ಬೇಕಾದರೂ ಹೇಳಿ, ಅದು ನಿಮಗೆ ಬಿಟ್ಟದ್ದು. ತೊಡಕು ಬರುವುದು ಬೇರೆಯವರದ್ದರಲ್ಲಿ. ಅಪ್ಪನ ಪತ್ರದ ಕಾಗದ ನಿಮ್ಮದು. ಆದರೆ ಹೆಚ್ಚಿನ ದೇಶಗಳ ಕಾನೂನಿನಲ್ಲಿ ಅದರೊಳಗಿನ ಮಾತಿನ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. ನಿಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಮೊದಲೇ ಕೂತು ಮಾತಾಡಿ. ಮದುವೆಯ ಫೋಟೊ ತೆಗೆದವರಿಗೂ ಒಂದು ಹಕ್ಕಿರಬಹುದು, ಅದರಲ್ಲಿ ಇರುವವರಿಗೂ ಒಂದು ಮುಖವಿದೆ. ನಾನು ಕಲಾವಿದರಿಗೆ ಹೇಳುವ ಪರೀಕ್ಷೆ ಇಷ್ಟೇ: ಆ ವ್ಯಕ್ತಿ ಗ್ಯಾಲರಿಗೆ ಬಂದು ಈ ಕೃತಿಯ ಮುಂದೆ ನಿಂತಿದ್ದಾರೆ, ನೀವು ಪಕ್ಕದಲ್ಲಿದ್ದೀರಿ. ಆಗ ನಿಮ್ಮ ಕಾಲು ಓಡಲು ನೋಡುತ್ತದೆಯೇ? ಹಾಗಾದರೆ ಆ ಕೃತಿ ಇನ್ನೂ ಮುಗಿದಿಲ್ಲ, ಅಥವಾ ಇಲ್ಲಿಗೆ ಬೇಡ. ಎಕ್ಸ್‌ರೇಯ ಮೂಲೆಯಲ್ಲಿ ಹೆಸರು, ನಂಬರು, ತಾರೀಕು ಇರುತ್ತದೆ. ನೋಡಿ ಮುಚ್ಚಿ. ಇದನ್ನು ಮರೆಯುವವರೇ ಹೆಚ್ಚು.

ಮುಚ್ಚಿದರೆ ಕೃತಿ ಬಡವಾಗುತ್ತದೆ ಅನ್ನುವ ಭಯ ಬೇಡ. ಜರ್ಮನಿಯ ಕಲಾವಿದ ಕರ್ಟ್ ಶ್ವಿಟರ್ಸ್ 1919ರಲ್ಲಿ ಒಂದು ಬ್ಯಾಂಕಿನ ಜಾಹೀರಾತನ್ನು ಕತ್ತರಿಸಿ ಕೊಲಾಜಿನಲ್ಲಿ, ಅಂದರೆ ತುಂಡುಗಳನ್ನು ಅಂಟಿಸಿ ಮಾಡುವ ಚಿತ್ರದಲ್ಲಿ, ಅಂಟಿಸಿದರು. 'ಕೊಮರ್ಜ್' (ವಾಣಿಜ್ಯ) ಅನ್ನುವ ಪದದಲ್ಲಿ ಉಳಿದದ್ದು 'ಮೆರ್ಜ್' ಮಾತ್ರ. ಅರ್ಥವಿಲ್ಲದ ಆ ತುಂಡನ್ನೇ ತಮ್ಮ ಇಡೀ ಕೆಲಸಕ್ಕೆ ಹೆಸರಾಗಿ ಇಟ್ಟುಕೊಂಡರು. ಅಪ್ಪನ ಪತ್ರವನ್ನು ಪೂರ್ತಿ ಬಿಚ್ಚಿ ಹಾಸಿದರೆ ಜನ ಕೃತಿಯನ್ನು ಬಿಟ್ಟು ಪತ್ರ ಓದಲು ನಿಲ್ಲುತ್ತಾರೆ. ಮಡಚಿಟ್ಟು ಒಂದೂವರೆ ಸಾಲು ಕಾಣಿಸಿ. ಕೈಬರಹದ ಓಟ ಕಂಡರೆ ಸಾಕು.

ಈಗ ಹಳದಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಎರಡು ದಶಕ ನಾನು ಮಾಡಿದ್ದೇ ಹಳೆಯ ಕೃತಿಗಳನ್ನು ಕೆಡದ ಹಾಗೆ ಕಾಪಾಡುವ ಕೆಲಸ.

ಹಳದಿ ಎಲ್ಲ ಒಂದೇ ಅಲ್ಲ. ನಿಮ್ಮ ಹಳೆಯ ಕೊಲಾಜುಗಳಲ್ಲಿ ಮೂರು ಥರದ್ದು ಕಾಣುತ್ತಿದೆ. ಮೊದಲನೆಯದು ಪತ್ರಿಕೆಯ ಕಾಗದ. ಅಗ್ಗದ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ. ಆ ಆಮ್ಲ ತಾನಿರುವ ಕಾಗದವನ್ನಷ್ಟೇ ತಿನ್ನುವುದಿಲ್ಲ, ಪಕ್ಕದ ಕಾಗದಕ್ಕೂ ಹೋಗುತ್ತದೆ. ಎರಡನೆಯದು ಸೆಲ್ಲೋಟೇಪು. ಅದರ ಅಂಟು ಕಾಲ ಕಳೆದಂತೆ ಮೆತ್ತಗಾಗಿ ಕಾಗದದೊಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ಪಟ್ಟಿ ಉದುರಿಹೋದರೂ ಕಂದು ಕಲೆ ಹೋಗುವುದಿಲ್ಲ. ಮೂರನೆಯದು ಫೋಟೊ. ಅದು ಬೆಳಕಿನ ಪೆಟ್ಟು.

ಇವುಗಳಿಗಿಂತ ಆತಂಕ ಆಸ್ಪತ್ರೆಯ ರಸೀದಿಗಳದ್ದು. ಅವು ಹಳದಿ ಆಗಿಲ್ಲ, ನಿಜ. ಖಾಲಿ ಆಗುತ್ತಿವೆ. ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದ ಕಡೆ ಮೇಲಿನ ಲೇಪ ಕಪ್ಪಾಗಿ ಅಕ್ಷರ ಮೂಡುತ್ತದೆ, ಅಷ್ಟೇ. ಬೆಳಕಿಗೆ, ಶಾಖಕ್ಕೆ, ಮೆತ್ತನೆಯ ಪ್ಲಾಸ್ಟಿಕ್ಕಿನ ಸಹವಾಸಕ್ಕೆ ಅಕ್ಷರ ಮಾಯವಾಗುತ್ತದೆ. ಸ್ಪಿರಿಟ್ ಇರುವ ವಾರ್ನಿಷ್ ಸವರಿದರೆ ಇನ್ನೊಂದು ಅನಾಹುತ, ಇಡೀ ಚೀಟಿ ಕಪ್ಪಾಗುತ್ತದೆ. ಇವತ್ತೇ ಕೂತು ಪ್ರತಿ ರಸೀದಿಯನ್ನೂ ಸ್ಕ್ಯಾನ್ ಮಾಡಿ. ಆಮ್ಲವಿಲ್ಲದ ಕಾಗದದ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಪ್ರಿಂಟ್ ತೆಗೆದಿಡಿ. ಆಮೇಲೆ ಪ್ರಿಂಟ್ ಹಾಕಬೇಕೋ, ಅಳಿಸಿಹೋಗುತ್ತಿರುವ ಮೂಲವನ್ನೇ ಇಡಬೇಕೋ ಅನ್ನುವುದು ನಿಮ್ಮ ತೀರ್ಮಾನ. ಅಕ್ಷರ ಮಾಸಿದ ಆಸ್ಪತ್ರೆಯ ಚೀಟಿಗೆ ತನ್ನದೇ ಒಂದು ಮಾತಿದೆ, ನಾನಾದರೆ ಮೂಲವನ್ನೇ ಇಡುತ್ತೇನೆ. ಆದರೆ ಗೊತ್ತಿದ್ದು ಮಾಡುವುದು ಬೇರೆ, ಗೊತ್ತಿಲ್ಲದೆ ಆಗುವುದು ಬೇರೆ.

ಅಮೆರಿಕದ ಶಿಲ್ಪಿ ಈವಾ ಹೆಸ್ ಇದಕ್ಕೆ ಒಳ್ಳೆಯ ಉದಾಹರಣೆ. 1960ರ ದಶಕದ ಕೊನೆಯಲ್ಲಿ ಅವರು ಲೇಟೆಕ್ಸ್ (ದ್ರವ ರಬ್ಬರ್) ಹಚ್ಚಿದ ಬಟ್ಟೆಯಲ್ಲಿ ದೊಡ್ಡ ಕೃತಿಗಳನ್ನು ಮಾಡಿದರು. ಲೇಟೆಕ್ಸ್ ಬಾಳಿಕೆ ಬರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. 1970ರಲ್ಲಿ, 34ನೇ ವಯಸ್ಸಿಗೇ ತೀರಿಕೊಂಡರು. ಪರದೆಯ ಹಾಗೆ ಜೋಲುತ್ತಿದ್ದ ಅವರ 1969ರ 'ಎಕ್ಸ್‌ಪ್ಯಾಂಡೆಡ್ ಎಕ್ಸ್‌ಪ್ಯಾನ್ಷನ್' ಕಾಲಕ್ರಮದಲ್ಲಿ ಬಣ್ಣಗೆಟ್ಟು ಸೆಟೆದುಕೊಂಡಿತು. ಗುಗನ್‌ಹೈಮ್ ಮ್ಯೂಸಿಯಂ ಅದನ್ನು ಸಂರಕ್ಷಿಸಿ 2022ರಲ್ಲಿ ಮತ್ತೆ ಜನರ ಮುಂದಿಟ್ಟಿತು. ಹೊಸದರ ಹಾಗೆ ಮಾಡಲು ಆಗಲಿಲ್ಲ, ಆಗುವುದೂ ಇಲ್ಲ.

ಹಾಗಾಗಿ ನನ್ನ ಸಲಹೆ: ವಯಸ್ಸನ್ನು ಬಿಡಿ, ರೋಗವನ್ನು ನಿಲ್ಲಿಸಿ. ಹಳದಿಯಾದ ಪತ್ರಿಕೆ ಹಾಗೇ ಇರಲಿ. ಅದು ಪಕ್ಕದ ಪತ್ರವನ್ನು ತಿನ್ನದ ಹಾಗೆ ನಡುವೆ ಆಮ್ಲವಿಲ್ಲದ ಕಾಗದ ಅಥವಾ ಪಾಲಿಯೆಸ್ಟರ್ ಹಾಳೆ ಬರಬೇಕು. ಟೇಪನ್ನು ನೀವೇ ಕೀಳಬೇಡಿ. ಕಾಗದದ ಮೇಲ್ಪದರ ಕಿತ್ತು ಬರುತ್ತದೆ. ಅದಕ್ಕೆ ಕಾಗದ ಸಂರಕ್ಷಣೆ ಬಲ್ಲವರನ್ನು ಹಿಡಿಯಿರಿ. ಮುಂದಿನ ಕೆಲಸಕ್ಕೆ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದಿರುವ ಅಂಟು ಬಳಸಿ, ರಬ್ಬರ್ ಸಲ್ಯೂಷನ್ ಸಹವಾಸ ಬಿಡಿ. ಅಪ್ಪನ ಪತ್ರಗಳು ಇನ್ನೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಇನ್ನು ಮೇಲೆ ಮೂಲವನ್ನು ಅಂಟಿಸಬೇಡಿ, ಪ್ರತಿ ತೆಗೆದು ಅಂಟಿಸಿ. ಲೇಸರ್ ಪ್ರಿಂಟನ್ನು ಅಕ್ರಿಲಿಕ್ ಜೆಲ್‌ನಿಂದ ಬಟ್ಟೆಗೆ ಇಳಿಸುವುದು ನಿಮಗೆ ಗೊತ್ತೇ ಇದೆ. ಆದರೆ ಒಂದು ಕೃತಿಯಲ್ಲಿ ಅಪ್ಪನ ಅಕ್ಷರ ತಿರುಗುಮುರುಗಾಗಿ ಕೂತಿದೆಯಲ್ಲ? ಬೇಕಂತಲೇ ಮಾಡಿದ್ದರೆ ಸರಿ. ಇಲ್ಲದಿದ್ದರೆ ಪ್ರಿಂಟ್ ತೆಗೆಯುವ ಮೊದಲೇ ಚಿತ್ರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿಕೊಳ್ಳಬೇಕು.

ಬೆಳಕು. ಕಾಗದ, ಬಟ್ಟೆ, ಫೋಟೊ ಇರುವ ಕೃತಿಗೆ ಮ್ಯೂಸಿಯಂಗಳು 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ದಾಟದ ಹಾಗೆ ನೋಡಿಕೊಳ್ಳುತ್ತವೆ. ಅದು ಮಬ್ಬು ಬೆಳಕೇ. ಆದರೆ ಇಡೀ ಹಾಲ್‌ನ ಬೆಳಕನ್ನೇ ತಗ್ಗಿಸಿದರೆ ಕಣ್ಣು ಸ್ವಲ್ಪ ಹೊತ್ತಿನಲ್ಲಿ ಹೊಂದಿಕೊಳ್ಳುತ್ತದೆ. ಕಿಟಕಿಯ ಎದುರಿನ ಗೋಡೆಗೆ ಮೇಣ, ತಂತಿಯ ಕೃತಿಗಳನ್ನು ಕೊಡಿ. ಮೇಣಕ್ಕೆ ನೇರ ಬಿಸಿಲು ಬೀಳಬಾರದು, ಪರದೆ ಬೇಕೇ ಬೇಕು.

ಸಾಗಾಟದ ಬಗ್ಗೆ ನನ್ನದೇ ಒಂದು ಅವಮಾನ ಹೇಳಿಬಿಡುತ್ತೇನೆ. ಶುರುವಿನ ದಿನಗಳಲ್ಲಿ ಒಬ್ಬ ಕಲಾವಿದೆಯ ಅಕ್ರಿಲಿಕ್ ಸ್ವಚಿತ್ರವನ್ನು ಬಬಲ್ ರ‍್ಯಾಪಿನಲ್ಲಿ ಬಿಗಿಯಾಗಿ ಸುತ್ತಿ ಕಳಿಸಿದ್ದೆ. ಸೆಕೆಗಾಲ. ತಲುಪಿದ ಮೇಲೆ ಬಿಚ್ಚಿದರೆ ಕೆನ್ನೆ, ಹಣೆ ತುಂಬ ದುಂಡು ದುಂಡು ಗುರುತು, ಸಾಲಾಗಿ. ಅಕ್ರಿಲಿಕ್ ಒಣಗಿದ ಮೇಲೂ ಒಳಗೆ ಮೆತ್ತಗೇ ಇರುತ್ತದೆ, ಶಾಖಕ್ಕೆ ಅಂಟಂಟಾಗುತ್ತದೆ. ಆಕೆ ಒಂದು ಮಾತೂ ಬೈಯಲಿಲ್ಲ. ಅದೇ ಇನ್ನೂ ಕೊರೆಯುತ್ತದೆ. ಮೊದಲು ಸಿಲಿಕೋನ್ ಲೇಪದ ಕಾಗದ, ಆಮೇಲೆ ಬಬಲ್ ರ‍್ಯಾಪ್. ಗುಳ್ಳೆಯ ಬದಿ ಹೊರಗೆ. ಇದೇ ಕಾರಣಕ್ಕೆ ಫ್ರೇಮಿನ ಗಾಜು ಕೃತಿಗೆ ತಾಗಬಾರದು.

ತೂಗುಹಾಕುವುದಕ್ಕೆ ಹೆಚ್ಚು ಹೇಳುವುದಿಲ್ಲ, ಗ್ಯಾಲರಿಯವರಿಗೆ ಅಭ್ಯಾಸವಿರುತ್ತದೆ. ಕೃತಿಯ ನಡುಮಧ್ಯ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ಸರಿ. ಪ್ರತಿಯೊಂದಕ್ಕೂ ಎರಡು ಕೊಂಡಿ. ತಂತಿ, ಹಲಗೆ ಇರುವ ಕೃತಿಗಳನ್ನು ಈಗಲೇ ತೂಕ ಮಾಡಿ ಬರೆದಿಡಿ. ಗೋಡೆ ಇಟ್ಟಿಗೆಯದ್ದೋ ಬೋರ್ಡಿನದ್ದೋ ಅಂತ ಕೇಳಿ.

ಲೇಬಲ್ ಮಾತ್ರ ದಯವಿಟ್ಟು ನೀವೇ ಬರೆಯಿರಿ. 'ಮಿಶ್ರ ಮಾಧ್ಯಮ' ಅಂತ ಎರಡು ಪದ ಹಾಕಿ ಕೈ ತೊಳೆದುಕೊಳ್ಳುವುದು ನನಗೆ ಸುತರಾಂ ಇಷ್ಟವಿಲ್ಲ. ಪಿಕಾಸೊ 1912ರಲ್ಲಿ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಆಯಿಲ್‌ಕ್ಲಾತ್ (ಎಣ್ಣೆ ಲೇಪದ ಬಟ್ಟೆ) ತುಂಡನ್ನು ಅಂಡಾಕಾರದ ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದರು. 'ಆಯಿಲ್‌ಕ್ಲಾತ್, ಹಗ್ಗ' ಅಂತ ಓದಿದ ಮೇಲೇ ಕಣ್ಣು ಮತ್ತೆ ಚಿತ್ರಕ್ಕೆ ಹೋಗುತ್ತದೆ, ಬೆತ್ತ ಅಂದುಕೊಂಡದ್ದು ಬೆತ್ತವಲ್ಲ ಅಂತ ಗೊತ್ತಾಗುತ್ತದೆ. ನಿಮ್ಮದು ಹೀಗಿರಬಹುದು: 'ಶಾಲೆಯ ಅಂಗಿಯ ಎಡತೋಳು, ಅದೇ ಅಂಗಿಯಿಂದ ಬಿಚ್ಚಿದ ದಾರ, ತಾಮ್ರದ ತಂತಿ, ಜೇನುಮೇಣ.' ನೀವು ಬಾಯಿಬಿಟ್ಟು ಹೇಳಲು ಹಿಂಜರಿಯುವ ಕತೆಯ ಮುಕ್ಕಾಲು ಭಾಗ ಈ ಸಾಲಿನಲ್ಲೇ ಬಂತು.

ಬಾಗಿಲಲ್ಲಿ ಹಾಕುವ ಕಲಾವಿದೆಯ ಮಾತು 150 ಪದ ದಾಟದಿರಲಿ. ನೀವು ಕಳಿಸಿದ ಕರಡಿನಲ್ಲಿ 'ಅಸ್ಮಿತೆ' ನಾಲ್ಕು ಸಲ, 'ಪಯಣ' ಮೂರು ಸಲ ಇದೆ. ಎಲ್ಲ ಹೊಡೆದುಹಾಕಿ. ಎರಡನೇ ಪ್ಯಾರಾದಲ್ಲಿ, ಶಾಲೆ ಬಿಟ್ಟ ದಿನ ಸಮವಸ್ತ್ರವನ್ನು ಬಿಸಾಡಲು ಹೋಗಿ ವಾಪಸ್ ತಂದೆ ಅಂತ ಸುಮ್ನೆ ಒಂದು ಸಾಲು ಬರೆದಿದ್ದೀರಲ್ಲ, ಅಲ್ಲಿಂದ ಶುರು ಮಾಡಿ.

ಉಳಿದದ್ದು ಅರ್ಧಕ್ಕೆ ನಿಂತ ಕೃತಿ. ಬಿಚ್ಚಿದ ತೋಳನ್ನು ಮತ್ತೆ ಅಂಗಿಯ ಹೆಗಲಿಗೆ ಇಟ್ಟು, ಹೊಲಿಯದೆ, ಐದು ಗುಂಡುಪಿನ್ನು ಚುಚ್ಚಿ ಬಿಟ್ಟಿದ್ದೀರಿ. ಹೊಲಿಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ ಅಂತ ಬರೆದಿದ್ದೀರಿ. ಈ ಐದು ತಿಂಗಳಲ್ಲಿ ಗೊತ್ತು ಮಾಡಿಕೊಳ್ಳಲೇಬೇಕು ಅಂತೇನಿಲ್ಲ. ಅದನ್ನು ಹಾಗೇ ಇಡಿ, ಹೊರಗೆ ಹೋಗುವ ಬಾಗಿಲಿನ ಪಕ್ಕ, ಗಾಜಿಲ್ಲದೆ, ಜನ ಒಂದು ಅಡಿ ದೂರಕ್ಕೆ ಬರುವ ಹಾಗೆ. ಪಿನ್ನುಗಳನ್ನು ಮಾತ್ರ ಬದಲಾಯಿಸಿ. ಮಾಮೂಲಿ ಪಿನ್ನು ತುಕ್ಕು ಹಿಡಿದು ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆ ಬಿಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನವು ಸಿಗುತ್ತವೆ. ಹಳೆಯವನ್ನು ಒಂದೊಂದೇ ತೆಗೆದು, ಅದೇ ತೂತಿಗೆ ಹೊಸದನ್ನು ಚುಚ್ಚಿ.